ಬಂಧಿತರ ಪಟ್ಟಿ ಹೇಳದ ಸತ್ಯ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಲ್ಲಿ ಮಾದಕವಸ್ತು ಪ್ರಕರಣಗಳ ಬಂಧಿತರನ್ನು ಪುರುಷರು, ಮಹಿಳೆಯರು ಎಂದು ವಿಂಗಡಿಸಿರುತ್ತಾರೆ. ಮಹಿಳೆಯರ ಸಂಖ್ಯೆ ಪುರುಷರಿಗಿಂತ ತೀರಾ ಕಡಿಮೆ. ಅದನ್ನು ಕಂಡು, ಹೆಣ್ಣುಮಕ್ಕಳಿಗೆ ಈ ಪಿಡುಗು ತಟ್ಟಿಲ್ಲವೆಂದು ಸಮಾಧಾನಪಡುವವರುಂಟು. ಆ ಸಮಾಧಾನಕ್ಕೆ ಆಧಾರ ಸಾಲದು ಎಂಬುದು ನನ್ನ ವಾದ.

ಮೊದಲನೆಯದಾಗಿ, ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೊ ಅತಿ ಗಂಭೀರವಾದುದನ್ನಷ್ಟೇ ಎಣಿಸುತ್ತದೆ. ಕೊಲೆಯ ಜೊತೆಗೆ ಗಾಂಜಾ ಸಾಗಣೆಯ ಆರೋಪವೂ ಇದ್ದರೆ ಲೆಕ್ಕಕ್ಕೆ ಬರುವುದು ಕೊಲೆ ಮಾತ್ರ. ಹೀಗಾಗಿ ಒಟ್ಟು ಸಂಖ್ಯೆಯೇ ಪೂರ್ಣವಲ್ಲ.

ಎರಡನೆಯದಾಗಿ, 1985ರ ಎನ್‌ಡಿಪಿಎಸ್ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮಹಿಳೆಯ ದೇಹ ತಪಾಸಣೆಯನ್ನು ಮಹಿಳೆಯೇ ನಡೆಸಬೇಕು. ಈ ರಕ್ಷಣೆ ಅತ್ಯಗತ್ಯ. ಆದರೆ ಮಹಿಳಾ ಸಿಬ್ಬಂದಿಯಿಲ್ಲದ ತಂಡ ತಪಾಸಣೆ ಮಾಡಬಲ್ಲದ್ದು ಗಂಡಸರನ್ನಷ್ಟೇ. ಅಂದರೆ, ಬಂಧನದ ಅಂಕಿ ಅಪರಾಧವನ್ನು ಮಾತ್ರವಲ್ಲ, ಪೊಲೀಸರು ಎಲ್ಲಿ, ಯಾರನ್ನು ಹುಡುಕಿದರು ಎಂಬುದನ್ನೂ ಅಳೆಯುತ್ತದೆ.

ಸಿಕ್ಕ ಮಾಲು ಸ್ವಂತ ಬಳಕೆಗೋ ಸಾಗಣೆಗೋ ಎಂಬ ವಿಂಗಡಣೆ ವರದಿಯಲ್ಲಿದೆ. ಆದರೆ ಬಂಧಿತಳು ಜಾಲದ ಒಡತಿಯೋ, ಗಂಡ ತಂದಿಟ್ಟ ಗಂಟಿಗೆ ಹೊಣೆಯಾದವಳೋ, ಕೂಲಿಗಾಗಿ ಹೊತ್ತವಳೋ ಎಂಬುದು ಆ ಪಟ್ಟಿಯಿಂದ ತಿಳಿಯದು.

ಇದು ಬರೀ ಲೆಕ್ಕದ ತಕರಾರಲ್ಲ. ಸಂಖ್ಯೆ ಕಡಿಮೆಯೆಂದು ಮಹಿಳೆಯರಿಗೆ ಪ್ರತ್ಯೇಕ ವ್ಯಸನಮುಕ್ತಿ ಕೇಂದ್ರ ಬೇಡವೆಂದರೆ, ಕಳಂಕಕ್ಕೆ ಅಂಜಿ ಮನೆಯೊಳಗೇ ನರಳುವವರ ಗತಿಯೇನು? ವ್ಯಸನವನ್ನು ಅಳೆಯಬೇಕಾದದ್ದು 2019ರಲ್ಲಿ ಪ್ರಕಟವಾದ ಏಮ್ಸ್ ವರದಿಯಂತಹ ಮನೆಮನೆ ಸಮೀಕ್ಷೆಯಿಂದ, ಬಂಧಿತರ ಪಟ್ಟಿಯಿಂದಲ್ಲ. ಪಟ್ಟಿಯಲ್ಲಿಯೂ ಬಂಧಿತರ ಪಾತ್ರ, ಮಾಲಿನ ಪ್ರಮಾಣ ಲಿಂಗವಾರು ನಮೂದಾಗಲಿ. ಎಣಿಕೆ ಸರಿಯಾಗದೆ ನೀತಿ ಸರಿಯಾಗದು.