ಗಿರಾಕಿಯ ಗುಟ್ಟು, ಅಂಗಡಿಯ ಹೊಣೆ

ಯುರೋಪಿನ ಕಾನೂನಿಗೂ ಸೊರಬದ ವ್ಯಾಪಾರಕ್ಕೂ ಏನು ನಂಟು? 2018ರ ಮೇ 25ರಿಂದ ಅನ್ವಯವಾಗುತ್ತಿರುವ ಅಲ್ಲಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್, ಅಂಗಡಿ ಎಲ್ಲಿದೆ ಎಂದಷ್ಟೇ ನೋಡುವುದಿಲ್ಲ, ಗಿರಾಕಿ ಎಲ್ಲಿದ್ದಾನೆ ಎಂದೂ ನೋಡುತ್ತದೆ. ಸೊರಬದ ಗುಡಿಗಾರರ ಕೆತ್ತನೆಯ ಚಿತ್ರ ಜರ್ಮನಿಯಲ್ಲಿ ಯಾರದೋ ಮೊಬೈಲಿನಲ್ಲಿ ಕಂಡ ಮಾತ್ರಕ್ಕೆ ಅದು ಅವರನ್ನು ಹಿಡಿಯದು. ಬೆಲೆಯನ್ನು ಯೂರೋದಲ್ಲಿ ಬರೆದು, ಅಲ್ಲಿಗೇ ಕಳಿಸುತ್ತೇವೆಂದು ಹೇಳಿ ಗಿರಾಕಿಯ ಹೆಸರು, ವಿಳಾಸ ಪಡೆದರೆ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕೂತು ಯುರೋಪಿನ ಕಂಪನಿಯ ಕಡತ ನೋಡುವ ಶಿಕಾರಿಪುರದ ಹುಡುಗನ ಕೆಲಸಕ್ಕಂತೂ ಕರಾರಿನ ಮೂಲಕ ಈ ಕಟ್ಟು ಆಗಲೇ ಬಂದಿದೆ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ನಮ್ಮದೇ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ವ್ಯಾಪಾರಿಗಳ ಮುಖ್ಯ ಹೊಣೆಗಳು 2027ರ ಮೇ ಹೊತ್ತಿಗೆ ಜಾರಿಯಾಗಬೇಕು. ಮಾಹಿತಿಯ ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಸಣ್ಣವರ ಮೇಲೆ ಇಷ್ಟು ಭಾರವೇ ಎಂಬ ಆಕ್ಷೇಪ ಸುಳ್ಳಲ್ಲ. ಯುರೋಪಿಗೂ ಅದು ತಟ್ಟಿದೆ. ಮಾಹಿತಿ ಬಳಕೆಯ ದಾಖಲೆ ಪುಸ್ತಕ ಇಡುವುದರಿಂದ 250 ಜನರಿಗಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಅಲ್ಲಿ ಸಿಗುವ ವಿನಾಯಿತಿಯ ಮಿತಿಯನ್ನು 750ಕ್ಕೆ ಏರಿಸಲು 2025ರ ಮೇ ತಿಂಗಳಲ್ಲಿ ಯುರೋಪಿಯನ್ ಆಯೋಗ ಪ್ರಸ್ತಾಪಿಸಿತು. ಆದರೆ ಅದು ಸಡಿಲಿಸಹೊರಟದ್ದು ದಾಖಲೆ ಬರೆದಿಡುವ ಕೆಲಸವನ್ನು. ಬೇಕಾದಷ್ಟನ್ನೇ ಕೇಳು, ಕೇಳಿದ ಕೆಲಸಕ್ಕೇ ಬಳಸು ಎಂಬ ಮೂಲ ಮಾತನ್ನಲ್ಲ.

ನಮ್ಮಲ್ಲಿ ತಪ್ಪುತ್ತಿರುವುದು ಆ ಮೂಲ ಮಾತೇ. ಬೆಳೆ ವಿಮೆಗೆ ಅರ್ಜಿ ಹಾಕಲು ಬಂದ ರೈತ ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೆ ಆಧಾರ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ ಕಳಿಸುತ್ತಾನೆ. ಪ್ರಿಂಟ್ ತೆಗೆದು ಕೊಟ್ಟದ್ದಾಯಿತು, ದುಡ್ಡು ಕೊಟ್ಟದ್ದಾಯಿತು. ಚಿತ್ರಗಳು ಮಾತ್ರ ಅಂಗಡಿಯ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಉಳಿಯುತ್ತವೆ, ಮುಂದೆ ಬರುವ ಹತ್ತಾರು ಗಿರಾಕಿಗಳ ಕಣ್ಣೆದುರೇ. ಲಾಡ್ಜಿನವರು ಫೈಲಿಗೆ ಹಾಕಿಟ್ಟ ಆಧಾರ್ ಪ್ರತಿಯ ಕಥೆ ಇನ್ನೊಂದು. ಕಂಪ್ಯೂಟರಿಗೆ ಏರಿಸದ ಕಾಗದವನ್ನು ನಮ್ಮ ಕಾಯ್ದೆ ಮುಟ್ಟುವುದಿಲ್ಲ. ಯುರೋಪಿನ ಕಾನೂನು ಕ್ರಮವಾಗಿ ಜೋಡಿಸಿಟ್ಟ ಕಾಗದದ ಫೈಲನ್ನೂ ಬಿಡುವುದಿಲ್ಲ. ಈ ವಿಷಯದಲ್ಲಿ ಅವರದೇ ಸರಿ.

ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಲ್ಲಿ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಗೊತ್ತಿರುವುದರಿಂದಲೇ ಬೇಕು. ಮಹಾನಗರದಲ್ಲಿ ಸೋರಿದ ಮಾಹಿತಿ ಅಪರಿಚಿತನ ಕೈಸೇರುತ್ತದೆ. ಇಲ್ಲಿ ಅಡಿಕೆ ಬೆಳೆಗಾರನ ಸಾಲ, ರೀಚಾರ್ಜ್ ಅಂಗಡಿಯಲ್ಲಿ ಹುಡುಗಿ ಕೊಟ್ಟ ನಂಬರು, ಮೆಡಿಕಲ್ ಶಾಪಿನ ಚೀಟಿ ಸೋರಿದರೆ ಸೀದಾ ನೆಂಟರ, ನೆರೆಯವರ ಬಾಯಿಗೆ ಬೀಳುತ್ತವೆ.

ವ್ಯಾಪಾರಿಗಳು ಇದಕ್ಕಾಗಿ ವಕೀಲರನ್ನು ಇಟ್ಟುಕೊಳ್ಳುವವರೆಗೆ ಕಾಯಬೇಕಿಲ್ಲ. ಬೇಡದ್ದನ್ನು ಕೇಳಬೇಡಿ, ಕೆಲಸ ಮುಗಿದ ಕೂಡಲೇ ಅಳಿಸಿ. ಅರ್ಧ ಕಾಯ್ದೆ ಪಾಲಿಸಿದಂತೆಯೇ. ಗಿರಾಕಿಗಳೂ ಸುಮ್ಮನಿರಬಾರದು. ಮಾಹಿತಿ ಯಾಕೆ ಬೇಕೆಂಬ ವಿವರವನ್ನು ಕನ್ನಡದಲ್ಲೇ ಕೇಳಿ ಪಡೆಯುವ ಅವಕಾಶ ನಮ್ಮ ಕಾಯ್ದೆಯಲ್ಲಿದೆ. ಸಂಕೋಚ ಬಿಟ್ಟು ಕೇಳಿ.