ಮಯ್ಯಿತ್ ಪರಿಪಾಲನೆ ಕಲಿಯುವವರ ಖರ್ಚು ಯಾರದು?

2020ರ ಜೂನ್ ಕೊನೆಗೆ ಬಳ್ಳಾರಿಯಿಂದ ಬಂದ ಆ ವೀಡಿಯೊವನ್ನು ನಾವ್ಯಾರೂ ಮರೆತಿರಲಿಕ್ಕಿಲ್ಲ. ಕೊರೋನದಿಂದ ತೀರಿಹೋದವರನ್ನು ಕಪ್ಪು ಚೀಲದಲ್ಲಿ ಎಳೆದು ತಂದು ಒಂದೇ ಗುಂಡಿಗೆ ಎಸೆಯುತ್ತಿದ್ದರು. ಜಿಲ್ಲಾಧಿಕಾರಿ ಕ್ಷಮೆ ಕೇಳಿದರು. ಆ ತಂಡವನ್ನು ಪೂರ್ತಿ ತೆಗೆದು, ವಿಮ್ಸ್ ಆಸ್ಪತ್ರೆಯ ವಿಧಿ ವಿಜ್ಞಾನ ವಿಭಾಗದಲ್ಲಿ ತರಬೇತಾದ ಬೇರೆ ತಂಡವನ್ನು ನೇಮಿಸಿದರು. ಆ ಸುದ್ದಿಯಲ್ಲಿ ಎಲ್ಲರೂ ಗುಂಡಿಯನ್ನು ನೋಡಿದರು, ತರಬೇತಿ ಎಂಬ ಪದವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹೆಣ ಎತ್ತುವುದಕ್ಕೂ ಕಲಿಕೆ ಬೇಕು ಎಂದು ಸರಕಾರ ಒಪ್ಪಿಕೊಂಡದ್ದು ಗುಂಡಿಗೆ ಎಸೆದ ಮೇಲೆ.

ಬಳ್ಳಾರಿಗೆ ಅಷ್ಟೇನೂ ದೂರವಲ್ಲದ ಸಿಂಧನೂರಿನಲ್ಲಿ ಆರ್.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಊರು. ಅಲ್ಲಿನ ಹುಡುಗನೊಬ್ಬ ಅಂತ್ಯಸಂಸ್ಕಾರದ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಎಂದರೆ ಎಲ್ಲಿಗೆ ಹೋಗಬೇಕು? ಅಮೆರಿಕದಲ್ಲಾದರೆ ಇದಕ್ಕೆಂದೇ ಕಾಲೇಜು, ಪರೀಕ್ಷೆ, ಆಮೇಲೆ ಅನುಭವಿಗಳ ಕೈಕೆಳಗೆ ದುಡಿಮೆ, ಹೆಚ್ಚಿನ ರಾಜ್ಯಗಳಲ್ಲಿ ಪರವಾನಗಿ. ಫೀಸು ಕಟ್ಟಲು ಸಾಲ ಮಾಡುವವರೂ ಇದ್ದಾರೆ. ನಮ್ಮಲ್ಲಿ ಫೀಸೂ ಇಲ್ಲ, ಪರವಾನಗಿಯೂ ಇಲ್ಲ. ರುದ್ರಭೂಮಿಯಲ್ಲಿ ಅಪ್ಪ ಮಾಡಿದ ಕೆಲಸ ಮಗನಿಗೆ. 2022ರಲ್ಲಿ ಬೆಂಗಳೂರಿನ ಸ್ಮಶಾನ ಕಾರ್ಮಿಕರನ್ನು 'ಸತ್ಯ ಹರಿಶ್ಚಂದ್ರ ಬಳಗ' ಎಂದು ಸರಕಾರ ಕರೆಯಿತು. ಹೆಸರು ಒಳ್ಳೆಯದೇ. ಹೆಸರಿಗಿಂತ ಮೊದಲು ಸಂಬಳ, ಕೈಗವಸು ಸಿಗಬೇಕಿತ್ತು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಮಯ್ಯಿತ್ ಸ್ನಾನ, ಕಫನ್, ನಮಾಝ್, ದಫನ ನಮಗೆ ಫರ್ಳ್ ಕಿಫಾಯ. ಯಾರಾದರೂ ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ. ಈ 'ಯಾರಾದರೂ' ಎಂಬುದರಲ್ಲೇ ಕಷ್ಟ. ಗಂಡಸರ ಮಯ್ಯಿತ್ ಆದರೆ ಮುಕ್ರಿಕಾಕ ಇದ್ದಾರೆ, ಉಸ್ತಾದರಿದ್ದಾರೆ. ಹೆಂಗಸರದ್ದಾದರೆ? ಊರಲ್ಲಿ ಒಬ್ಬರೋ ಇಬ್ಬರೋ ಪ್ರಾಯದ ಉಮ್ಮಂದಿರು. ಅವರಿಗೇ ಮೊಣಕಾಲು ನೋವು, ಬಗ್ಗಲಾಗುವುದಿಲ್ಲ. ಮಗಳು, ಸೊಸೆ ಬಾಗಿಲಲ್ಲಿ ನಿಂತು ಅಳುತ್ತಾರೆ, ಒಳಗೆ ಹೋಗಲು ಹೆದರುತ್ತಾರೆ. ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು ತುಂಡು ಕಫನ್ ಎಂದು ಮದ್ರಸದಲ್ಲಿ ಬಾಯಿಪಾಠ ಮಾಡಿದವರಿಗೂ ಬಟ್ಟೆ ಕೈಗೆ ಕೊಟ್ಟರೆ ಮೊದಲು ಯಾವುದನ್ನು ಹಾಸಬೇಕೆಂದು ಗೊತ್ತಾಗುವುದಿಲ್ಲ.

ಕರಾವಳಿಯಲ್ಲಿ ಮಯ್ಯಿತ್ ಪರಿಪಾಲನಾ ತರಗತಿಗಳು ನಡೆಯುತ್ತವೆ, ಹಣ ಕೇಳುವುದಿಲ್ಲ. ಹಾಗಾದರೆ ಪುಕ್ಕಟೆಯೇ? ಬೀಡಿ ಕಟ್ಟುವ ಹೆಂಗಸು ಅರ್ಧ ದಿನ ಕೂತು ಕಲಿತರೆ ಆ ದಿನದ ಬೀಡಿ ಕಡಿಮೆಯಾಗುತ್ತದೆ, ಮಜೂರಿಯೂ ಅಷ್ಟೇ ಇಳಿಯುತ್ತದೆ. ಕಲಿತ ಮೇಲೂ ಅಷ್ಟೇ. ಯಾರದೋ ಮನೆಯಿಂದ ರಾತ್ರಿ ಎರಡಕ್ಕೆ ಫೋನ್ ಬಂದರೆ ಆಟೋ ಬಾಡಿಗೆ ಅವಳದ್ದೇ, ಮರುದಿನದ ಕೆಲಸವೂ ಹೋಯಿತು. ಸವಾಬಿನ ಕೆಲಸಕ್ಕೆ ದುಡ್ಡು ಕೇಳುವುದೇ ಎಂದು ನಾವೇ ಮೂಗು ಮುರಿಯುತ್ತೇವೆ. ಸವಾಬು ಅವಳಿಗೆ ಇರಲಿ, ಆಟೋ ಬಾಡಿಗೆ ಜಮಾಅತ್ ಕೊಡಬಹುದಲ್ಲ?

ಕಲಿಯಬೇಕಾದದ್ದೂ ಈಗ ಹೆಚ್ಚಾಗಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಲ್ಲಿ ಶವಕ್ಕೆ ಸ್ನಾನ ಮಾಡಿಸುವಂತಿಲ್ಲ, ಮುಟ್ಟುವಂತಿಲ್ಲ ಎಂದಿತ್ತು. ಪಿಪಿಇ ಹಾಕುವುದು, ಅದಕ್ಕಿಂತ ಕಷ್ಟದ ಬಿಚ್ಚುವುದು, ಒಂದು ಶೇಕಡಾ ಹೈಪೋಕ್ಲೋರೈಟ್ ದ್ರಾವಣ ಬಳಸುವುದು, ಇದನ್ನೆಲ್ಲ ನಮ್ಮ ಯುವಕರು ಖಬರಿನ ಅಂಚಿನಲ್ಲೇ ನಿಂತು ಕಲಿತರು. ಗಲ್ಫಿನಲ್ಲಿ ತೀರಿಹೋದವರ ವಿಷಯವೇ ಬೇರೆ. ಮರಣ ಪತ್ರ, ಪಾಸ್‌ಪೋರ್ಟ್ ರದ್ದು, ಎಂಬಾಮಿಂಗ್, ವಿಮಾನದ ಕಾರ್ಗೊ, ಎಲ್ಲಕ್ಕೂ ಓಡಾಡುವವರು ಅಲ್ಲಿನ ನಮ್ಮವರೇ, ತಮ್ಮ ಡ್ಯೂಟಿ ಬಿಟ್ಟು. ಗತಿಯಿಲ್ಲದವರ ಶವ ಊರಿಗೆ ಕಳಿಸಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದಲೇ. ಅರ್ಜಿ ಹಾಕುವುದನ್ನು ತಿಳಿದವರು ಕಡಿಮೆ. ಅದೂ ಈ ಪಾಠದಲ್ಲೇ ಸೇರಬೇಕು.

ನಮ್ಮ ಲೆಕ್ಕ ದೊಡ್ಡದೇನಲ್ಲ. ಪ್ರತಿ ಮೊಹಲ್ಲದಲ್ಲಿ ನಾಲ್ಕು ಗಂಡಸರು, ನಾಲ್ಕು ಹೆಂಗಸರು. ಕಲಿಯುವ ದಿನದ ಮಜೂರಿ, ಹೋಗಿಬರುವ ಬಾಡಿಗೆ, ಒಂದು ಪೆಟ್ಟಿಗೆ ಕೈಗವಸು, ಹೆಪಟೈಟಿಸ್ ಬಿ ಚುಚ್ಚುಮದ್ದು. ಹೆಂಗಸರ ತರಗತಿಯನ್ನು ಅವರಿಗೆ ಬಿಡುವಾಗುವ ಹೊತ್ತಿಗೇ ಇಡಬೇಕು, ಕಮಿಟಿಯವರಿಗೆ ಬಿಡುವಾಗುವ ಹೊತ್ತಿಗಲ್ಲ. ಮುಂದಿನ ಮಹಾಸಭೆಯಲ್ಲಿ ಖಬರಸ್ಥಾನದ ಕಾಂಪೌಂಡಿನ ಖರ್ಚು ಓದುವಾಗ, ಈ ಬಾಬತ್ತು ಎಲ್ಲಿದೆ ಎಂದು ಒಬ್ಬರಾದರೂ ಎದ್ದು ಕೇಳಬಹುದು.