ಹೊರಡುವ ಮುಹೂರ್ತವೂ ನಿಲ್ಲುವ ಸ್ಥಳವೂ

ನಮ್ಮ ಸೀಮೆಯಲ್ಲಿ ಒಂದು ಕುಟುಂಬವು ದೂರದ ಪ್ರಯಾಣಕ್ಕೆ ಹೊರಟಿತೆಂದರೆ ಮನೆಯಲ್ಲಿ ನಡೆಯುವ ಸಿದ್ಧತೆಯನ್ನು ವಾಚಕರೆಲ್ಲರೂ ಬಲ್ಲರು. ಪಂಚಾಂಗವನ್ನು ತೆಗೆದು ರಾಹುಕಾಲವನ್ನು ಕಳೆಯುವರು. ಗಾಡಿಯ ಮುಂದೆ ತೆಂಗಿನಕಾಯಿ ಒಡೆಯುವರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವರು. ತುಂಬಿದ ಕೊಡ ಎದುರು ಬಂದರೆ ಸಂತೋಷಪಡುವರು, ಬೆಕ್ಕು ಅಡ್ಡ ಬಂದರೆ ಒಂದು ಘಳಿಗೆ ಕುಳಿತು ಏಳುವರು. ಇಷ್ಟೆಲ್ಲ ವಿಚಾರ ಮಾಡಿ ಹೊರಟವರು, ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು, ಯಾವ ಮಗ್ಗುಲಿನಿಂದ ಇಳಿಯಬೇಕು ಎಂಬುದನ್ನು ಒಂದು ನಿಮಿಷವಾದರೂ ವಿಚಾರಿಸುವರೇ? ವಿಚಾರಿಸುವದಿಲ್ಲ. ಅನಾಹುತವಾದ ಮೇಲೆ ಮಾತ್ರ “ಹಣೆಬರಹ” ಎಂಬ ಒಂದೇ ಶಬ್ದದಿಂದ ಎಲ್ಲವನ್ನೂ ಮುಚ್ಚಿಬಿಡುವರು. ಈ ಶಬ್ದವು ಇಂಥ ಸ್ಥಳದಲ್ಲಿ ಸುಳ್ಳು, ಸುಳ್ಳಷ್ಟೇ ಅಲ್ಲದೆ ಪಾಪಕರವೂ ಆದದ್ದು ಎಂದು ಸಾಧಿಸುವದೇ ಈ ಲೇಖನದ ಉದ್ದೇಶವಾಗಿದೆ.

ಅನ್ಯರ ಮೇಲೆ ದೋಷವನ್ನಿಟ್ಟು ನಾನು ಬರೆಯುತ್ತಿಲ್ಲ. ಮೊದಲ ಅಪರಾಧಿ ನಾನೇ. ಮೂರು ವರ್ಷಗಳ ಹಿಂದೆ ಸೀಗಿ ಹುಣ್ಣಿಮೆಗೆ ನಮ್ಮ ಮನೆಯವರು ಇಂಗಳೇಶ್ವರದಿಂದ ಬಾಡಿಗೆಯ ಗಾಡಿ ಮಾಡಿಕೊಂಡು ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಹೋಗಿದ್ದೆವು. ನನ್ನ ಸೋದರಳಿಯನಿಗೆ ಮದುವೆಯಾಗಿ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಹೊಸ ಸೊಸೆಯೂ ಜೊತೆಯಲ್ಲಿದ್ದಳು. ಹೊರಡುವ ಘಳಿಗೆಯನ್ನು ನೋಡಿಕೊಟ್ಟವನು ನಾನೇ. ತಿರುಗಿ ಬರುವಾಗ ಸೊಲ್ಲಾಪುರ ದಾಟಿ, ಝಳಕಿ ದಾಟಿ, ಹೊರ್ತಿಯ ಸಮೀಪಕ್ಕೆ ಬರುವಷ್ಟರಲ್ಲಿ ನಡುರಾತ್ರಿ ಮೀರಿತ್ತು. ಚಾಲಕನು ನಸುಕಿನಿಂದಲೂ ಗಾಡಿ ನಡೆಸಿ ದಣಿದಿದ್ದನು. ರಸ್ತೆಯಂಚಿನ ಚಹದಂಗಡಿಯ ದೀಪ ಕಂಡೊಡನೆ ಅವನು ಗಾಡಿಯನ್ನು ಎಡಕ್ಕೆ ಸರಿಸಿ ನಿಲ್ಲಿಸಿದನು. ಎಡಗಡೆಯ ಗಾಲಿಗಳು ಮಣ್ಣಿನ ಮೇಲೆ ಇದ್ದವು. ಬಲಗಡೆಯ ಗಾಲಿಗಳು ಡಾಂಬರಿನ ಮೇಲೆಯೇ ಉಳಿದಿದ್ದವು. ಹಾಲು ಚೆಲ್ಲಿದಂತಹ ಬೆಳದಿಂಗಳಿರಲು ದೀಪಗಳೇಕೆಂದು ಅವುಗಳನ್ನೂ ಆರಿಸಿದನು. ಮುಂದಿನ ಆಸನದಲ್ಲಿದ್ದ ನಾನು ಎರಡನ್ನೂ ಕಂಡೆನು. ಒಂದು ಬಟ್ಟಲು ಚಹ ಕುಡಿಯುವಷ್ಟರಲ್ಲಿ ಏನಾದೀತು ಎಂದು ಸುಮ್ಮನಿದ್ದೆನು. ಅಳಿಯನು ಬಲಗಡೆಯ ಬಾಗಿಲನ್ನು ತೆರೆದು ಕಾಲು ಕೆಳಗಿಡುವದಕ್ಕೂ ಹಿಂದಿನಿಂದ ಬಂದ ಲಾರಿಯೊಂದು ಆ ಬಾಗಿಲನ್ನು ಕಿತ್ತುಕೊಂಡು ಹೋಗುವದಕ್ಕೂ ಸರಿಹೋಯಿತು. ದೇವರ ದಯೆಯಿಂದ ಜೀವ ಉಳಿಯಿತು. ಬಲಗೈ ಎರಡು ಕಡೆಗೆ ಮುರಿಯಿತು. ಇಂದಿಗೂ ಆ ಕೈ ಹೆಗಲಿನಿಂದ ಮೇಲಕ್ಕೆ ಏಳುವದಿಲ್ಲ.

ಇದಕ್ಕೂ ಹೆಚ್ಚಿನ ಅನಾಹುತವು ಮನೆಗೆ ಬಂದ ಮೇಲೆ ನಡೆಯಿತು. ನೋಡಲು ಬಂದವರಲ್ಲಿ ಒಬ್ಬರು ಶನಿಯ ಕಾಟವೆಂದರು. ಮತ್ತೊಬ್ಬರು ದೃಷ್ಟಿ ತಾಗಿತೆಂದರು. ಕೊನೆಗೆ ಎಲ್ಲರ ಮಾತೂ ಬಂದು ನಿಂತದ್ದು ಹೊಸ ಸೊಸೆಯ ಕಾಲ್ಗುಣದ ಮೇಲೆ. ಆ ಹುಡುಗಿ ಹದಿನೈದು ದಿವಸ ಅಡಿಗೆಮನೆಯಿಂದ ಪಡಸಾಲೆಗೆ ಬರಲಿಲ್ಲ. ಗಾಲಿಗಳು ಡಾಂಬರಿನ ಮೇಲಿದ್ದುದನ್ನೂ ದೀಪಗಳು ಆರಿದ್ದುದನ್ನೂ ಕಣ್ಣಾರೆ ಕಂಡಿದ್ದ, ನಾಲ್ಕಕ್ಷರ ಸಂಸ್ಕೃತ ಬಲ್ಲ ಮನೆಯ ಹಿರಿಯನು, ಆ ಮಾತಿಗೆ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಆ ಮೌನದ ಪ್ರಾಯಶ್ಚಿತ್ತವೆಂದೇ ಇದನ್ನು ಬರೆಯುತ್ತಿದ್ದೇನೆ.

ಪಾಠಶಾಲೆಯಲ್ಲಿ ನಾವು ಬಾಲ್ಯದಲ್ಲಿಯೇ ಓದಿದ ನಳೋಪಾಖ್ಯಾನವು ಇಲ್ಲಿ ನೆನಪಿಗೆ ಬರುವದು. ನಳನು ಬಿಟ್ಟುಹೋದ ಮೇಲೆ ಅರಣ್ಯದಲ್ಲಿ ಅಲೆದ ದಮಯಂತಿಯು ಚೇದಿ ದೇಶದ ಕಡೆಗೆ ಸಾಗಿದ್ದ ವರ್ತಕರ ತಂಡವೊಂದನ್ನು ಸೇರಿಕೊಂಡಳಷ್ಟೆ. ಎತ್ತು ಕುದುರೆಗಳು ದಣಿದಿರಲು ಆ ವರ್ತಕರು ಸುಂದರವಾದ ಕಮಲಸರೋವರವೊಂದನ್ನು ಕಂಡು ಅಲ್ಲಿಯೇ ಇಳಿದರು. ನೀರಿಗೆ ಹೋಗುವ ದಾರಿಯನ್ನೇ ಅಡ್ಡಗಟ್ಟಿ ಮಲಗಿದರು. ನಡುರಾತ್ರಿಯಲ್ಲಿ ನೀರಿಗೆ ಬಂದ ಕಾಡಾನೆಗಳ ಹಿಂಡು ಮಲಗಿದವರನ್ನು ತುಳಿದುಕೊಂಡು ಹೋಯಿತು. ಉಳಿದವರು ಬೆಳಗಾದ ಮೇಲೆ ಏನು ಮಾಡಿದರೆಂಬುದನ್ನು ವಾಚಕರು ಲಕ್ಷ್ಯವಿಟ್ಟು ಕೇಳಬೇಕು. ಪ್ರಚಲಿತ ಪಾಠದ ಪ್ರಕಾರ, ಮಣಿಭದ್ರನನ್ನು ಪೂಜಿಸುವದರಲ್ಲಿ ಲೋಪವಾಯಿತೇ, ಕುಬೇರನಿಗೆ ಸಲ್ಲತಕ್ಕದ್ದು ಸಲ್ಲಲಿಲ್ಲವೇ, ಶಕುನ ಕೆಟ್ಟದಿತ್ತೇ, ಗ್ರಹಗಳು ವಕ್ರವಾಗಿದ್ದವೇ ಎಂದು ಅವರು ಚರ್ಚಿಸಿದರು. ಕೊನೆಗೆ, ನಿನ್ನೆ ಬಂದು ಸೇರಿದ ಆ ಕೆದರಿದ ಕೂದಲಿನ ಹೆಂಗಸೇ ಇದಕ್ಕೆ ಕಾರಣಳು, ಅವಳನ್ನು ಕಲ್ಲಿನಿಂದ ಹೊಡೆದು ಕೊಲ್ಲಬೇಕು ಎಂದರು. ನಾವು ಆನೆಯ ದಾರಿಯಲ್ಲಿ ಮಲಗಿದ್ದೆವು ಎಂದು ಒಬ್ಬನಾದರೂ ಅನ್ನಲಿಲ್ಲ! ಸಾವಿರಾರು ವರ್ಷಗಳಿಂದ ಈ ಕಥೆಯನ್ನು ಓದುತ್ತ ಬಂದಿದ್ದೇವೆ. ಇಂದಿಗೂ ನಮ್ಮ ಮನೆಗಳಲ್ಲಿ ದಮಯಂತಿಯೇ ಅಪರಾಧಿನಿಯಾಗಿದ್ದಾಳೆ.

ಕಾಡಾನೆಗೆ ಬದಲಾಗಿ ಈಗ ಲಾರಿ ಬಂದಿರುವದು. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಬರುವ ಗಾಡಿಯು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಸಾಗುವದು. ಎದುರಿಗೆ ಏನೋ ನಿಂತಿದೆಯೆಂದು ಚಾಲಕನ ಕಣ್ಣಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವದರೊಳಗಾಗಿ ಒಂದೂವರೆ ಸೆಕೆಂಡು ಕಳೆದರೂ 33 ಮೀಟರ್ ಹೋಗಿರುತ್ತದೆ. ಗಾಡಿ ಪೂರ್ತಿ ನಿಲ್ಲಲು ಬೇಕಾದ ಅಂತರವು ಅದರ ಮೇಲಿನದು. ಭಾರ ತುಂಬಿದ ಲಾರಿಯಾದರೆ ಹೇಳುವದೇ ಬೇಡ. ದೀಪವಿಲ್ಲದೆ ನಿಂತ ಗಾಡಿಯನ್ನು ಅಷ್ಟು ದೂರದಿಂದ ಕಾಣಲು ಬೆಳದಿಂಗಳು ಸಾಲದು. ಇದು ಕೂಡುವ ಕಳೆಯುವ ಲೆಕ್ಕ. ಇದರಲ್ಲಿ ಶನಿಗೆ ಯಾವ ಕೆಲಸವೂ ಇಲ್ಲ.

ಇಲ್ಲಿ ಪೂರ್ವಪಕ್ಷದವರು ಕೇಳಬಹುದು: “ದೈವವನ್ನು ಮೀರಿ ಮನುಷ್ಯನಿಂದ ಏನಾದೀತು? ಎಲ್ಲ ಎಚ್ಚರಿಕೆ ಮಾಡಿದವರೂ ಸಾಯುವದಿಲ್ಲವೇ?” ಸಾಯುವರು, ನಿಜ. ದೈವವನ್ನು ನಾನು ಅಲ್ಲಗಳೆಯುವದೂ ಇಲ್ಲ. ಆದರೆ ದೈವ ಪುರುಷಕಾರಗಳಲ್ಲಿ ಯಾವುದು ಹೆಚ್ಚಿನದೆಂದು ಧರ್ಮರಾಜನು ಕೇಳಿದಾಗ, ಅನುಶಾಸನಪರ್ವದಲ್ಲಿ ಭೀಷ್ಮನು ಕೊಟ್ಟ ಉತ್ತರವನ್ನು ನಮ್ಮ ಒಕ್ಕಲಿಗರು ನಮಗಿಂತ ಚೆನ್ನಾಗಿ ತಿಳಿಯುವರು: ಪುರುಷಕಾರವು ಹೊಲ, ದೈವವು ಬೀಜ, ಎರಡೂ ಕೂಡಿದರೆ ಪೈರು. ಹೊಲವನ್ನು ಹರಗದೆ ಬೀಜವನ್ನು ದೂರುವವನನ್ನು ಡೋಣಿಯ ದಂಡೆಯ ಯಾವ ರೈತನೂ ಬುದ್ಧಿವಂತನೆಂದು ಕರೆಯಲಾರನು. ಮಾಡತಕ್ಕದ್ದನ್ನೆಲ್ಲ ಮಾಡಿದ ಮೇಲೆ ಉಳಿಯುವದಕ್ಕೆ ಹಣೆಬರಹವೆಂಬ ಹೆಸರು ಸಲ್ಲುವದು. ಮಾಡದೆ ಬಿಟ್ಟದ್ದಕ್ಕೆ ಆ ಹೆಸರನ್ನಿಡುವದು ದೇವರ ಮೇಲೆ ಹೊರಿಸುವ ಅಪವಾದವು.

ಎರಡನೆಯ ಆಕ್ಷೇಪವು ಇದಕ್ಕಿಂತ ಮರ್ಯಾದೆಯುಳ್ಳದ್ದು. “ದಾರಿಯಲ್ಲಿ ಕಂಡವರನ್ನೆಲ್ಲ ಸಂಶಯದಿಂದ ನೋಡಿದರೆ ದಾಸೋಹದ ನಾಡಿನ ಗತಿಯೇನು? ಬಸವಣ್ಣನವರು ಹುಟ್ಟಿದ ಮಣ್ಣಿನಲ್ಲಿ ಅಪರಿಚಿತನ ಕೈಯ ನೀರನ್ನು ಒಲ್ಲೆನೆನ್ನುವದೇ?” ಎಂದು ಹಿರಿಯ ಮಿತ್ರರೊಬ್ಬರು ನನ್ನನ್ನು ಕೇಳಿದರು. ಯುಗಾದಿಯ ಮುಂಚೆ ನಮ್ಮ ಜಿಲ್ಲೆಯ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವಾಗ ದಾರಿಯುದ್ದಕ್ಕೂ ನಡೆಯುವ ದಾಸೋಹವನ್ನು ನಾನೂ ಕಂಡಿದ್ದೇನೆ, ಉಂಡಿದ್ದೇನೆ. ಅದರ ಲಕ್ಷಣವನ್ನು ಗಮನಿಸಬೇಕು. ಅದು ಹಂದರದ ಕೆಳಗೆ, ಹತ್ತು ಮಂದಿಯ ಕಣ್ಣೆದುರು, ಎಲ್ಲರಿಗೂ ಒಂದೇ ಪಾತ್ರೆಯಿಂದ ನಡೆಯುವದು. ವಂಚಕನ ಉಪಚಾರವು ಒಬ್ಬನಿಗೇ, ಮರೆಯಲ್ಲಿ, ಅತಿಯಾದ ಸಲಿಗೆಯಿಂದ ನಡೆಯುವದು. ಸಾಕ್ಷಿಯಿರುವ ಉಪಕಾರವನ್ನು ಕೈಮುಗಿದು ಸ್ವೀಕರಿಸಬೇಕು. ಸಾಕ್ಷಿಗೆ ಅಂಜುವ ಉಪಕಾರವನ್ನು ಕೈಮುಗಿದೇ ಬಿಡಬೇಕು. ಇದರಿಂದ ದಾಸೋಹಕ್ಕೆ ಯಾವ ಕುಂದೂ ಬಾರದು.

ಈ ವಿವೇಕವು ಹೊಸದೇನೂ ಅಲ್ಲ. ಠಕ್ಕರ ಹಾವಳಿಯನ್ನು ಅಡಗಿಸಲು 1836ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ನಮ್ಮ ನೆರೆಯ ಸುರಪುರ ಸಂಸ್ಥಾನದ ಆಡಳಿತವನ್ನು ಮುಂದೆ ನೋಡಿಕೊಂಡ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಕಾದಂಬರಿಯು ಆ ಠಕ್ಕರನ್ನು ಕುರಿತದ್ದೇ. ಅವರು ಕತ್ತಿ ಹಿರಿದು ದಾರಿಗೆ ಅಡ್ಡ ನಿಂತವರಲ್ಲ. ಸಹಪ್ರಯಾಣಿಕರಾಗಿ ಸೇರಿ, ಸವಿಮಾತನಾಡಿ, ತಂಗುದಾಣದಲ್ಲಿ ಜನರು ಮೈಮರೆತಾಗ ಕೊರಳಿಗೆ ಬಟ್ಟೆ ಹಾಕಿದವರು. ದತ್ತೂರದ ಬೀಜವನ್ನು ಅನ್ನದಲ್ಲಿ ಬೆರೆಸಿ ದೋಚುವವರೂ ಹಾದಿಗಳಲ್ಲಿದ್ದರು. ಇಂದು ಬಸ್ಸು ರೈಲುಗಳಲ್ಲಿ ಬಿಸ್ಕೀಟು ಪಾನಕಗಳಲ್ಲಿ ಮಂಪರಿನ ಔಷಧ ಬೆರೆಸಿ ಕೊಡುವವರು ಅದೇ ವಿದ್ಯೆಯ ವಾರಸುದಾರರು. ನಡೆಯುವ ದಾರಿಯಲ್ಲಿ ಮನುಷ್ಯನು ಎಚ್ಚರವಾಗಿರುವನು, ನಿಂತಲ್ಲಿ ಮೈಮರೆಯುವನು. ಕಳ್ಳನೂ ಕಾಲನೂ ಕಾಯುವದು ಆ ಹೊತ್ತನ್ನೇ.

ಹಾಗಾದರೆ ಮಾಡತಕ್ಕದ್ದೇನು? ಹೊರಡುವ ಮೊದಲೇ ನಿಲ್ಲುವ ಸ್ಥಳಗಳನ್ನು ಮನೆಯಲ್ಲಿಯೇ ಗೊತ್ತುಮಾಡಬೇಕು. ಎರಡು ಮೂರು ತಾಸಿಗೊಮ್ಮೆ, ಬೆಳಕೂ ಜನಸಂಚಾರವೂ ಇರುವ ಊಟದ ಮನೆಯಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ, ರಸ್ತೆಯನ್ನು ಪೂರ್ತಿಯಾಗಿ ಬಿಟ್ಟು ಒಳಗೆ ನಿಲ್ಲಬೇಕು. ಬಂಕುಗಳಲ್ಲಿ ಶೌಚಾಲಯವನ್ನೂ ಕುಡಿಯುವ ನೀರನ್ನೂ ಶುಲ್ಕವಿಲ್ಲದೆ ಒದಗಿಸಬೇಕೆಂಬ ನಿಯಮವಿರುವದು; ಕೇಳಲು ನಾಚಿ ನಮ್ಮ ಹೆಣ್ಣುಮಕ್ಕಳನ್ನು ಕತ್ತಲೆಯ ಜಾಲಿಕಂಟಿಯ ಮರೆಗೆ ಕಳುಹಿಸುವದು ಗಂಡಸರಿಗೆ ಮಾನವಲ್ಲ. ಗಾಡಿ ಕೆಟ್ಟು ದಾರಿಯಲ್ಲಿಯೇ ನಿಂತಿತೋ, ಎಚ್ಚರಿಕೆಯ ದೀಪಗಳನ್ನು ಮಿನುಗಿಸಿ, ಹೊಳೆಯುವ ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಎಲ್ಲರೂ ಎಡಮಗ್ಗುಲಿನಿಂದ ಇಳಿದು ರಸ್ತೆಯಿಂದ ಆಚೆಗೆ ಸರಿದು ನಿಲ್ಲಬೇಕು. ಗಾಡಿಯಲ್ಲಿ ಕುಳಿತು ಕಾಯುವದೂ, ಅದರ ಹಿಂದೆ ನಿಂತು ಹರಟುವದೂ ಆತ್ಮಹತ್ಯೆಗೆ ಸಮಾನವು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲಿಯಾದರೂ 112, ಗಾಯಾಳುಗಳಿದ್ದರೆ 108 — ಈ ಮೂರು ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿರಲಿ. ಇಳಿಯುವಾಗ ಒಬ್ಬರಾದರೂ ಸಾಮಾನಿನ ಹತ್ತಿರ ಉಳಿಯಬೇಕು. ಚಿನ್ನವನ್ನೂ ಹಣವನ್ನೂ ಪರರ ಕಣ್ಣೆದುರು ಬಿಚ್ಚಬಾರದು. ತಿರುಗಿ ಹತ್ತಿದ ಮೇಲೆ ತಲೆಗಳನ್ನು ಎಣಿಸಬೇಕು. ಎಲ್ಲಕ್ಕೂ ಮೊದಲು ಚಾಲಕನಿಗೆ ಊಟವನ್ನೂ ನಿದ್ರೆಯನ್ನೂ ಕೊಡಬೇಕು. ಒಂದು ರಾತ್ರಿಯ ವಸತಿಯ ಹಣವನ್ನು ಉಳಿಸಬೇಕೆಂದು ನಿದ್ದೆಗಣ್ಣಿನವನ ಕೈಗೆ ಹತ್ತು ಜೀವಗಳನ್ನು ಒಪ್ಪಿಸುವ ಜಿಪುಣತನವನ್ನು ನಾನೂ ಮಾಡಿದ್ದೇನೆ. ಅದರ ಬೆಲೆಯನ್ನು ನನ್ನ ಅಳಿಯನ ಕೈ ತೆತ್ತಿತು.

ಪ್ರಯಾಣಿಕರಿಗೆ ಬುದ್ಧಿ ಹೇಳಿ ಊರವರನ್ನು ಬಿಟ್ಟರೆ ನ್ಯಾಯವಾಗದು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಟ್ರ್ಯಾಕ್ಟರುಗಳು ಎರಡೆರಡು ಡಬ್ಬಿಗಳ ತುಂಬ ಕಬ್ಬು ಹೇರಿಕೊಂಡು, ಹಿಂದೆ ಒಂದು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ, ನಡುರಾತ್ರಿ ರಸ್ತೆಯ ಅಂಚಿನಲ್ಲಿ ನಿಲ್ಲುವದನ್ನು ಯಾರು ಕಂಡಿಲ್ಲ? ತೊಗರಿಯ ರಾಶಿಯನ್ನು ಡಾಂಬರಿನ ಮೇಲೆಯೇ ಹರವಿ ಸುತ್ತಲೂ ಕಲ್ಲಿಡುವವರು ನಮ್ಮವರೇ ಅಲ್ಲವೇ? ಅನ್ಯರಿಗೆ ಅಪಾಯವಾಗುವಂತೆ ವಾಹನವನ್ನು ರಸ್ತೆಯಲ್ಲಿ ಬಿಡಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ಸ್ಪಷ್ಟವಾಗಿ ಹೇಳುವದು. ಐವತ್ತು ರೂಪಾಯಿಯ ಹೊಳೆಯುವ ಪಟ್ಟಿಯನ್ನು ಅಂಟಿಸಲಾರದವನು ಗಾಡಿಯ ಮುಂದೆ ನೂರು ರೂಪಾಯಿಯ ಹೂಮಾಲೆ ಕಟ್ಟಿದರೆ ಯಾವ ದೇವರು ಮೆಚ್ಚುವನು?

ಅಂದು ಹೊರ್ತಿಯ ಬಳಿಯಲ್ಲಿ ಚಹದಂಗಡಿಯ ಮುಂದಿದ್ದ ಏಳೆಂಟು ಜನರು, ಪೋಲೀಸರ ಗೊಡವೆ ಬೇಡವೆಂದು, ನೆತ್ತರು ಸುರಿಯುತ್ತಿದ್ದವನನ್ನು ಮುಟ್ಟಲು ಹಿಂದೆಗೆದರು. ಎತ್ತಿ ಕೂಡ್ರಿಸಿದವನು ಆ ಲಾರಿಯ ಚಾಲಕನೇ. ಗಾಯಾಳುವಿಗೆ ನೆರವಾದವನನ್ನು ಪೀಡಿಸಬಾರದೆಂಬ ರಕ್ಷಣೆಯು 2019ರ ತಿದ್ದುಪಡಿಯಿಂದ ಅದೇ ಮೋಟಾರು ಕಾಯಿದೆಯಲ್ಲಿ ಸೇರಿರುವದು. ನಮ್ಮ ಕರ್ನಾಟಕವು ಅದಕ್ಕೂ ಮುಂಚೆಯೇ ಇದಕ್ಕಾಗಿ ತನ್ನದೇ ಆದ ಕಾಯಿದೆಯನ್ನು ಮಾಡಿತು. ಈ ಸಂಗತಿಯನ್ನು ಹಳ್ಳಿಹಳ್ಳಿಯ ಚಹದಂಗಡಿಯಲ್ಲಿ ಓದಿ ಹೇಳುವದು ನಮ್ಮಂಥ ಅಕ್ಷರಸ್ಥರ ಕೆಲಸವು.

ಸರಕಾರಕ್ಕೂ ಒಂದು ಮಾತು. 2021ರ ಫೆಬ್ರುವರಿಯಲ್ಲಿ ಇದೇ ಸೊಲ್ಲಾಪುರ-ವಿಜಯಪುರ ಹೆದ್ದಾರಿಯಲ್ಲಿ 25 ಕಿಲೋಮೀಟರಿಗೂ ಹೆಚ್ಚು ಉದ್ದದ ಒಂದು ಪಥವನ್ನು 18 ತಾಸುಗಳಲ್ಲಿ ಹಾಸಿ ದಾಖಲೆ ಮಾಡಿದರೆಂದು ನಾವೆಲ್ಲ ಹೆಮ್ಮೆಪಟ್ಟೆವು. ಓಡುವದಕ್ಕೆ ಇಷ್ಟು ತ್ವರೆಯಿಂದ ದಾರಿ ಮಾಡಬಲ್ಲವರು, ನಿಲ್ಲುವದಕ್ಕೆ ಬೆಳಕುಳ್ಳ ತಾಣಗಳನ್ನು ಹತ್ತಾರು ಮೈಲಿಗೊಂದರಂತೆ ಮಾಡಲಾರರೇ? ಪರಕೀಯರ ಆಳ್ವಿಕೆಯಲ್ಲಿ 1867ರಲ್ಲಿ ಹುಟ್ಟಿದ ಸರಾಯಿಗಳ ಕಾಯಿದೆಯು, ಮ್ಯಾಜಿಸ್ಟ್ರೇಟರು ಅವಶ್ಯವೆಂದು ಎಣಿಸಿದಷ್ಟು ಕಾವಲುಗಾರರನ್ನು ಸರಾಯಿಯ ಯಜಮಾನನು ಇಡತಕ್ಕದ್ದೆಂದು ವಿಧಿಸಿತ್ತು. ತಂಗಿದ ಮನುಷ್ಯರನ್ನಷ್ಟೇ ಅಲ್ಲದೆ ಎತ್ತು ಬಂಡಿಗಳನ್ನೂ ಕಾಯುವದು ಆ ಕಾವಲಿನ ಉದ್ದೇಶವಾಗಿತ್ತು. ಎತ್ತಿನ ಬಂಡಿಯ ಕಾಲದಲ್ಲಿ ತೋರಿದ ಈ ವಿಚಾರವು ನಾಲ್ಕು ಪಥದ ಕಾಲದಲ್ಲಿ ತೋರದಿದ್ದರೆ ನಾವು ಮುಂದೆ ಬಂದದ್ದು ಗಾಲಿಯಲ್ಲಿ ಮಾತ್ರ.

ಇನ್ನು ಮುಗಿಸುವೆನು. ಹದಿನಾರನೆಯ ದಿನ ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಮನೆಯವರೆಲ್ಲ ಕೇಳುವಂತೆ, “ತಂಗೀ, ನಿನ್ನ ಕಾಲ್ಗುಣದಿಂದ ಏನೂ ಆಗಲಿಲ್ಲ. ಗಾಲಿ ಡಾಂಬರಿನ ಮೇಲಿತ್ತು, ದೀಪ ಆರಿತ್ತು, ನಾನು ನೋಡಿಯೂ ಹೇಳಲಿಲ್ಲ” ಎಂದೆನು. ಅವಳು ಉತ್ತರ ಕೊಡಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು ಒಲೆಯ ಮೇಲಿನ ರೊಟ್ಟಿಯನ್ನು ಮಗುಚಿದಳು. ಆ ಮಾತನ್ನು ಮೊದಲನೆಯ ದಿನವೇ ಆಡಬೇಕಾಗಿತ್ತು. ಗಾಡಿ ನಿಂತ ಕ್ಷಣದಲ್ಲಿ ಚಾಲಕನಿಗೆ “ತಮ್ಮಾ, ಇನ್ನೊಂದಿಷ್ಟು ಒಳಗೆ ತಗೋ” ಎಂದು ಆಡಿದ್ದರೆ ಈ ಮಾತಿನ ಅವಶ್ಯಕತೆಯೇ ಬೀಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಈಗಲೂ ಪ್ರಯಾಣಕ್ಕೆ ಮುಹೂರ್ತ ನೋಡುವೆನು. ಆದರೆ ಪಂಚಾಂಗದ ಹಾಳೆಯ ಅಂಚಿನಲ್ಲಿ, ಎಲ್ಲೆಲ್ಲಿ ನಿಲ್ಲುವದೆಂಬ ಊರುಗಳ ಹೆಸರನ್ನೂ ಬರೆದುಕೊಡುವೆನು. ವಾಚಕರು ಮೊದಲನೆಯದನ್ನು ಬಿಟ್ಟರೂ ಬಿಡಲಿ. ಎರಡನೆಯದನ್ನು ಬಿಡಬಾರದೆಂದು ಕೈಜೋಡಿಸಿ ಬೇಡುವೆನು.